ಎರಡು ಸಾಲು, ನಾಲ್ಕು ತೀರ್ಪು

ಇಲ್ಲಿ ರೌಟರ್ ಅಂದರೆ ಗೋಡೆಗೆ ನೇತುಹಾಕಿದ ವೈಫೈ ಡಬ್ಬಿಯಲ್ಲ. ಸರ್ವರ್‌ಗೆ ಬಂದ ರಿಕ್ವೆಸ್ಟಿನ ವಿಳಾಸ ನೋಡಿ, ಇದು ಯಾವ ಫಂಕ್ಷನ್‌ಗೆ ಸೇರಿದ್ದು ಎಂದು ಹೇಳುವ ಪುಟ್ಟ ಲೈಬ್ರರಿ. ಡೇಟಾಬೇಸಿನ ಗೊಡವೆ ಇಲ್ಲ, ಟೆಂಪ್ಲೇಟಿನ ಗೊಡವೆ ಇಲ್ಲ. ಇರುವ ಒಂದೇ ಕೆಲಸದಲ್ಲೂ ಒಂದೊಂದು ಲೈಬ್ರರಿ ಒಂದೊಂದು ನ್ಯಾಯ ಹೇಳುತ್ತದಲ್ಲ, ಅದೇ ನನಗೆ ಬಿಡಿಸಲಾಗದ ಒಗಟು.

*

ಎರಡೇ ಸಾಲು. ‘ಪುಸ್ತಕ’ ಆದಮೇಲೆ ಏನು ಬಂದರೂ ಅದು ಪುಸ್ತಕದ ಐಡಿ ಎಂಬುದು ಮೊದಲನೆಯದು. ‘ಪುಸ್ತಕ’ ಆದಮೇಲೆ ‘ಹೊಸದು’ ಎಂದೇ ಇದ್ದರೆ ಹೊಸ ಪುಸ್ತಕ ಸೇರಿಸುವ ಫಾರ್ಮ್ ತೋರಿಸು ಎಂಬುದು ಎರಡನೆಯದು. ಈಗ ‘ಪುಸ್ತಕ/ಹೊಸದು’ ಎಂದು ಯಾರೋ ಬಂದರು. ಯಾರ ಪಾಲು?

ನೋಡ್‌ನ ಎಕ್ಸ್‌ಪ್ರೆಸ್‌ನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದವರದೇ ಸೀಟು: ಮೊದಲು ಬರೆದ ಸಾಲಿಗೆ ಮೊದಲ ಹಕ್ಕು. ಐಡಿಯ ಸಾಲು ಮೇಲಿದ್ದರೆ ‘ಹೊಸದು’ ಎಂಬ ಐಡಿಯ ಪುಸ್ತಕ ಹುಡುಕಲು ಡೇಟಾಬೇಸಿಗೆ ಹೋಗುತ್ತದೆ. ಪೈಥಾನಿನ ಫ್ಲಾಸ್ಕ್‌ನಲ್ಲಿ ಸಾಲುಗಳನ್ನು ಅದಲುಬದಲು ಮಾಡಿದರೂ ಫಾರ್ಮೇ ಬರುತ್ತದೆ. ನಿರ್ದಿಷ್ಟವಾದದ್ದನ್ನು ಅದು ತಾನೇ ಮುಂದಕ್ಕೆ ತರುತ್ತದೆ. ಗೋ ಭಾಷೆಗಾಗಿ ಬರೆದ ಎಚ್‌ಟಿಟಿಪಿರೌಟರ್, ವೇಗಕ್ಕೆ ಹೆಸರಾದದ್ದು, ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಸುತರಾಂ ಒಪ್ಪುವುದಿಲ್ಲ. ಒಂದು ವಿಳಾಸ ಒಂದೇ ಸಾಲಿಗೆ ಹೊಂದಬೇಕು, ಇಲ್ಲವೇ ಯಾವುದಕ್ಕೂ ಹೊಂದಬಾರದು ಎಂಬುದು ಅದರ ಹಟ.

*

ನಾಲ್ಕನೆಯ ತೀರ್ಪು ಗೋ ಭಾಷೆಯದೇ. ಅದರ ಜೊತೆಗೇ ಬರುವ ಸರ್ವ್‌ಮಕ್ಸ್ ವರ್ಷಗಟ್ಟಲೆ ಇಡೀ ದಾರಿಯನ್ನೋ ಅದರ ಮೊದಲ ಭಾಗವನ್ನೋ ಹೋಲಿಸಿ ನೋಡುತ್ತಿತ್ತು, ಅಷ್ಟೇ. ರಿಕ್ವೆಸ್ಟಿನ ಮೆಥಡ್ ಗೆಟ್ಟೋ ಪೋಸ್ಟೋ ಎಂದು ಫಂಕ್ಷನ್ ಒಳಗೆ ನಾವೇ ವಿಚಾರಿಸಿಕೊಳ್ಳಬೇಕಿತ್ತು. ಹಾಗಾಗಿಯೇ ಗೊರಿಲ್ಲಾ ಮಕ್ಸ್, ಚಿ ಮುಂತಾದವು ಹುಟ್ಟಿ ಬೆಳೆದವು. 2022ರ ಡಿಸೆಂಬರ್‌ನಲ್ಲಿ ನೋಡಿಕೊಳ್ಳುವವರಿಲ್ಲದೆ ಗೊರಿಲ್ಲಾಗೆ ಬೀಗ ಬಿತ್ತು. ಮರುವರ್ಷ ಹೊಸಬರು ವಹಿಸಿಕೊಂಡರು. 2024ರ ಫೆಬ್ರವರಿಯಲ್ಲಿ ಬಂದ ಗೋ 1.22ರಲ್ಲಿ ಸರ್ವ್‌ಮಕ್ಸ್‌ಗೇ ಮೆಥಡ್ಡೂ, ‘ಏನು ಬಂದರೂ ಸರಿ’ ಎನ್ನುವ ವೈಲ್ಡ್‌ಕಾರ್ಡೂ ಸೇರಿದವು.

ಅದರ ನಿಯಮ: ಹೆಚ್ಚು ನಿರ್ದಿಷ್ಟವಾದದ್ದು ಗೆಲ್ಲುತ್ತದೆ, ಬರೆದ ಕ್ರಮ ಲೆಕ್ಕಕ್ಕಿಲ್ಲ. ಹಾಗಾದರೆ ‘ಲೇಖನ/ಏನಾದರೂ’ ಮತ್ತು ‘ಏನಾದರೂ/ಇತ್ತೀಚಿನದು’ ಎಂಬ ಎರಡು ಸಾಲಿದ್ದು, ‘ಲೇಖನ/ಇತ್ತೀಚಿನದು’ ಬಂದರೆ? ಇದು ಅದಕ್ಕಿಂತ ನಿರ್ದಿಷ್ಟ ಎನ್ನುವಂತಿಲ್ಲ, ಅದು ಇದಕ್ಕಿಂತ ಎನ್ನುವಂತೆಯೂ ಇಲ್ಲ. ಗೋ ಇಲ್ಲಿ ತೀರ್ಪು ಕೊಡುವುದೇ ಇಲ್ಲ. ಎರಡನೆಯ ಸಾಲು ದಾಖಲಾಗುವಾಗಲೇ ಪ್ಯಾನಿಕ್ ಆಗುತ್ತದೆ, ಸರ್ವರ್ ಏಳುವುದಿಲ್ಲ. ಒರಟು ಅನಿಸಬಹುದು. ಆದರೆ ನಡುರಾತ್ರಿ ಬಳಕೆದಾರನಿಗೆ ತಪ್ಪು ಪುಟ ತೋರಿಸುವುದಕ್ಕಿಂತ ಬೆಳಗ್ಗೆ ನನ್ನ ಮುಖಕ್ಕೇ ಉಗಿಯುವುದು ವಾಸಿ.

*

ಗೆಟ್‌ಗೆ ಮಾತ್ರ ಇರುವ ವಿಳಾಸಕ್ಕೆ ಪೋಸ್ಟ್ ಬಂದರೆ ಎಕ್ಸ್‌ಪ್ರೆಸ್ 404 ಎನ್ನುತ್ತದೆ, ಅಂದರೆ ಅಂಥದ್ದೇನೂ ಇಲ್ಲ. ಫ್ಲಾಸ್ಕ್ ಮತ್ತು ಈಗಿನ ಗೋ 405 ಎನ್ನುತ್ತವೆ: ಜಾಗ ಇದೆ, ನೀನು ಬಂದ ರೀತಿ ಸರಿಯಿಲ್ಲ. ಯಾವ ರೀತಿ ಬಂದರೆ ಸರಿ ಎಂದು ಅಲೌ ಹೆಡರ್‌ನಲ್ಲಿ ತಿಳಿಸಲೂಬೇಕು. ಎಚ್‌ಟಿಟಿಪಿಯ ನಿಯಮವೇ ಅದು.

*

ಫ್ಲಾಸ್ಕ್‌ನ ಮೂಲ 2010ರ ಏಪ್ರಿಲ್ 1ರ ಒಂದು ತಮಾಷೆ. ಆರ್ಮಿನ್ ರೊನಾಕರ್ ಮೂರ್ಖರ ದಿನಕ್ಕೆಂದು ಪುಟಾಣಿ ಫ್ರೇಮ್‌ವರ್ಕ್‌ಗಳನ್ನು ಗೇಲಿ ಮಾಡಿ ಬಿಟ್ಟದ್ದನ್ನು ಜನ ನಿಜವೆಂದೇ ನಂಬಿದರು. ಕೆಲವು ತಮಾಷೆಗಳಿಗೆ ಆಯುಷ್ಯ ಗಟ್ಟಿ.

*

ಗೋದಲ್ಲಿ ವೈಲ್ಡ್‌ಕಾರ್ಡಿಗೆ ಕನ್ನಡ ಹೆಸರು ಕೊಡಬಹುದೇ? ‘ನಗರ’ ಎಂದರೆ ಒಪ್ಪುತ್ತದೆ. ‘ಊರು’ ಎಂದರೆ ಪ್ಯಾನಿಕ್. ಅದರ ಪ್ರಕಾರ ಹೆಸರಿನಲ್ಲಿ ಅಕ್ಷರ ಮತ್ತು ಅಂಕಿ ಮಾತ್ರ ಇರಬೇಕು (ಅಡಿಗೆರೆಗೂ ಅನುಮತಿಯುಂಟು), ಮತ್ತು ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಕೊಂಬು, ಗುಡಿಸು, ಒತ್ತಕ್ಷರ ಕೂಡಿಸುವ ಹಲಂತ ಯಾವುವೂ ಅಕ್ಷರಗಳಲ್ಲ, ಚಿಹ್ನೆಗಳು. ‘ಸರಳ’ ನಡೆಯುತ್ತದೆ, ‘ಕಷ್ಟ’ ನಡೆಯುವುದಿಲ್ಲ! ಪೈಥಾನ್ ತನ್ನ ವೇರಿಯಬಲ್‌ಗಳಿಗೆ ಇವೆರಡನ್ನೂ ತಕರಾರಿಲ್ಲದೆ ಒಪ್ಪುತ್ತದೆ.

*

ವಿಳಾಸದಲ್ಲಿ ‘ಕೋಲಾರ’ ಎಂದು ಬರೆಯುವುದಕ್ಕೆ ಅಡ್ಡಿಯಿಲ್ಲ. ಸಾಗುವಾಗ ಅದು ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಗುರುತು ಹೊತ್ತ ಮೂರಕ್ಷರವಾಗಿ ಹೋಗುತ್ತದೆ. ಕ, ಓತ್ವ, ಲ, ಆತ್ವ, ರ: ಐದು ಸಂಕೇತ, 15 ಬೈಟು, 45 ಅಕ್ಷರ. ಆದರೆ ಆ ಓತ್ವವನ್ನೇ ಯೂನಿಕೋಡ್‌ನಲ್ಲಿ ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿಯೂ ಬರೆಯಬಹುದು. ಆಗ 63 ಅಕ್ಷರ. ತೆರೆಯ ಮೇಲೆ ಎರಡೂ ಒಂದೇ ಕೋಲಾರ. ಬೈಟು ಹೋಲಿಸುವ ರೌಟರ್‌ಗೆ ಎರಡು ಬೇರೆ ಊರು. ಒಬ್ಬರಿಗೆ ಪುಟ, ಇನ್ನೊಬ್ಬರಿಗೆ 404.

ರೌಟರ್‌ಗಿಂತ ಮುಂಚೆ ಒಂದು ಮಿಡಲ್‌ವೇರ್ ಕೂರಿಸಿ, ಎಲ್ಲ ವಿಳಾಸಗಳನ್ನೂ, ತುಂಡುಗಳನ್ನು ಒಂದಾಗಿ ಕೂಡಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ತಂದಮೇಲೆ ಸದ್ದಿಲ್ಲದೆ ಪುಟ ಕೊಟ್ಟುಬಿಡುವುದೋ, ಸರಿಯಾದ ವಿಳಾಸಕ್ಕೆ ರೀಡೈರೆಕ್ಟ್ ಮಾಡುವುದೋ? ನನ್ನ ಮತ ರೀಡೈರೆಕ್ಟ್‌ಗೆ. ಇಲ್ಲದಿದ್ದರೆ ಒಂದೇ ಪುಟಕ್ಕೆ ಎರಡು ವಿಳಾಸ, ಕ್ಯಾಶ್‌ನಲ್ಲೂ ಎರಡು ಪ್ರತಿ.