ಸದ್ದಿನ ಬೀದಿಯಲ್ಲಿ ನಿಶ್ಶಬ್ದದ ಖರೀದಿ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯು ವಿದ್ಯುದುಪಕರಣಗಳ ಸಂತೆ. ಕೂಲಿಗಳ ಕೂಗು, ವಾಹನಗಳ ಕರ್ಕಶಧ್ವನಿಗಳ ನಡುವೆ ನಾವು ಮೊಮ್ಮಗನೊಡನೆ ಶಬ್ದನಿವಾರಕ ಹೆಡ್‌ಫೋನನ್ನು ಅರಸುತ್ತ ಹೋದೆವು. ಗದ್ದಲವೆಂದರೆ ಆ ಹುಡುಗನಿಗೆ ಎದೆ ನಡುಗುವುದು; ರೈಲು ಪ್ರಯಾಣವನ್ನೇ ತೊರೆದಿದ್ದನು.

ಈ ಯಂತ್ರವು ಹೊರಗಿನ ನಾದವನ್ನು ಸಣ್ಣ ಮೈಕಿನಿಂದ ಗ್ರಹಿಸಿ, ವಿಪರೀತ ತರಂಗವನ್ನು ಹುಟ್ಟಿಸಿ ಅದನ್ನು ಅಡಗಿಸುತ್ತದೆ. ರೈಲಿನ ಮೊರೆತದಂತಹ ಏಕರೀತಿಯ ಮಂದ್ರಧ್ವನಿಗೆ ಇದು ಸೈ. ಕುಕ್ಕರಿನ ಸೀಟಿಗೆ, ಮಕ್ಕಳ ಕಿರಿಚಾಟಕ್ಕೆ ಅಷ್ಟಾಗಿ ಸಾಲದು. ಅವಕ್ಕೆ ಕಾರ್ಖಾನೆಯವರು ತೊಡುವ ಕಿವಿಮುಚ್ಚಳವೇ ಮೇಲು. ಬೆಲೆಯೂ ಕಡಮೆ, ಬ್ಯಾಟರಿಯೂ ಬೇಡ.

ಅಗ್ಗದ ಪೆಟ್ಟಿಗೆಗಳ ಮೇಲಿನ ‘ಇ.ಎನ್.ಸಿ.’ ಎಂಬ ಅಕ್ಷರಗಳಿಗೆ ವಾಚಕರು ಮರುಳಾಗಬಾರದು. ಅದು ದೂರವಾಣಿಯಲ್ಲಿ ನಮ್ಮ ಮಾತನ್ನು ಎದುರಿನವರಿಗೆ ಸ್ಪಷ್ಟಗೊಳಿಸುವುದೇ ಹೊರತು ನಮ್ಮ ಕಿವಿಯನ್ನು ಕಾಯದು. ಬೇಕಾದುದು ‘ಎ.ಎನ್.ಸಿ.’

ಹುಡುಗನು ಬೀದಿಯಲ್ಲಿಯೇ ಕಾಲು ಗಂಟೆ ತೊಟ್ಟು ನೋಡಿ, ತಲೆಯನ್ನು ಬಿಗಿಯದ ಹಗುರವಾದುದೊಂದನ್ನು ಆರಿಸಿದನು. “ತಾತ, ಮೈಸೂರಿನ ರೈಲಿಗೆ ಟಿಕೀಟು ತೆಗೆಸಿ” ಎಂದನು.