ಕಾಣದ ಮುಖ, ಕೊಟ್ಟ ಮಾತು

ಹಿಂದಿನ ಗೃಹಸ್ಥನಿಗೆ ವ್ಯಾಪಾರವೆಂದರೆ ಮುಖಾಮುಖಿಯ ವ್ಯವಹಾರ. ಮೆಣಸಿನ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಅಂಗಡಿಯವನ ಮುಖವನ್ನೂ ಒಮ್ಮೆ ನೋಡಿ, ಆಮೇಲೆ ಹಣದ ಗಂಟು ಬಿಚ್ಚುವುದು ಅವನ ಪದ್ಧತಿ. ಇಂದು ಕಾಟಿಪಳ್ಳದ ತರುಣನೊಬ್ಬನು ಜಗುಲಿಯಲ್ಲಿ ಕುಳಿತು, ಅಂತರ್ಜಾಲದ ಸಂತೆಯಲ್ಲಿ ಚೀನಾದ ಯಂತ್ರವನ್ನು ಕೊಳ್ಳಬಹುದು. ದುಬೈಯ ವರ್ತಕನಿಗೆ ಕಾಳುಮೆಣಸನ್ನು ಮಾರಬಹುದು. ಆದರೆ ಎದುರಿನವನ ಮುಖ ಮಾತ್ರ ಕಾಣದು. ತಾಯಿಯ ಬಳೆಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ತಂದ ಬಂಡವಾಳವಾಗಿದ್ದರೆ, ಆ ಕಾಣದ ಮುಖವೊಂದೇ ಮನೆಮಂದಿಯ ನಿದ್ದೆಗೆಡಿಸಲು ಸಾಕು.

ಕಾಟಿಪಳ್ಳಕ್ಕೂ ಕಡಲಾಚೆಯ ವ್ಯಾಪಾರಕ್ಕೂ ಹಳೆಯ ಋಣವೊಂದಿದೆ. ಪಣಂಬೂರಿನ ಬಂದರಿಗಾಗಿ ಮನೆ-ಗದ್ದೆಗಳನ್ನು ಬಿಟ್ಟುಕೊಟ್ಟ ಕುಟುಂಬಗಳು ಬಂದು ನೆಲೆಸಿದ ಊರುಗಳಲ್ಲಿ ಇದೂ ಒಂದು. ಆ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು. ಅಜ್ಜ ಬಿಟ್ಟುಕೊಟ್ಟ ನೆಲದಲ್ಲಿ ಹಡಗು ನಿಲ್ಲುವಾಗ, ಅದರಲ್ಲಿ ತನ್ನ ಸರಕೂ ಹೋಗಲೆಂದು ಮೊಮ್ಮಗ ಆಸೆಪಟ್ಟರೆ ತಪ್ಪೇನು?

ಕಾಣದವರೊಡನೆ ವ್ಯವಹಾರವೂ ಈ ಕರಾವಳಿಗೆ ಹೊಸತಲ್ಲ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದನು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಏಡನ್ನಿಗೆ ಹೋಗುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿದ್ದವು. ಹಳೆಯ ಕೈರೋದ ಪ್ರಾರ್ಥನಾಮಂದಿರವೊಂದರಲ್ಲಿ ದೊರೆತ ಪತ್ರಗಳು ಇದನ್ನು ಹೇಳುತ್ತವೆ. ಮುಂಗಡ ಪಡೆದು ಏಲಕ್ಕಿಯನ್ನು ಕೊಡದೆ ಹೋದ ಒಬ್ಬನ ಸಂಗತಿಯೂ ಅವುಗಳಲ್ಲಿದೆ. ಏಡನ್ನಿನ ಸ್ನೇಹಿತರು ಸೂಚಿಸಿದ ಮದ್ದು ಸರಳ: ವರ್ತಕರ ನಡುವೆ ಅವನ ಮಾನ ಹೋದೀತೆಂದು ಹೆದರಿಸುವುದು!

1996ರಲ್ಲಿ ಆರಂಭವಾದ ಇಂಡಿಯಾಮಾರ್ಟ್, 1999ರಲ್ಲಿ ಚೀನಾದಲ್ಲಿ ಹುಟ್ಟಿದ ಅಲಿಬಾಬಾ ಮೊದಲಾದ ಸಂತೆಗಳಲ್ಲಿಯೂ ಮಾರುವವನನ್ನು ಅಂಕೆಯಲ್ಲಿಡುವುದು ಬಹುಮಟ್ಟಿಗೆ ಆ ಮದ್ದೇ. ಹಿಂದೆ ಕೊಂಡವರು ಕೊಟ್ಟ ಅಂಕಗಳು ಅವನ ಹೆಸರಿನೊಡನೆ ನಿಲ್ಲುತ್ತವೆ. ಕೆಲವು ಕಡೆ ಕೊಳ್ಳುವವನ ಹಣ ಮೊದಲು ಮಧ್ಯಸ್ಥನ ವಶದಲ್ಲಿರುತ್ತದೆ. ಸರಕು ಒಪ್ಪಿಗೆಯಾದ ಬಳಿಕ ಮಾರಿದವನಿಗೆ ಸೇರುತ್ತದೆ. ಇಷ್ಟಿದ್ದೂ ಎಚ್ಚರ ತಪ್ಪುವಂತಿಲ್ಲ. ಮೊದಲು ಮಾದರಿಯನ್ನು ತರಿಸಬೇಕು. ದೊಡ್ಡ ವ್ಯವಹಾರವಾದರೆ ಹಡಗೇರುವ ಮುನ್ನ ಸರಕನ್ನು ಮೂರನೆಯವರಿಂದ ಪರೀಕ್ಷಿಸಬೇಕು. ಸಂತೆಯ ಹೊರಗೆ ಹಣ ಕೊಟ್ಟರೆ ಮಧ್ಯಸ್ಥನ ಹೊಣೆ ಇಲ್ಲ. "ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ" ಎಂಬ ಓಲೆ ಥಟ್ಟನೆ ಬಂದರೆ, ಮೊದಲೇ ತಿಳಿದ ದೂರವಾಣಿಯಲ್ಲಿ ಕೇಳಿ ನೋಡದೆ ಒಂದು ಕಾಸನ್ನೂ ಕಳುಹಿಸಬಾರದು. ಇಂಥ ಓಲೆಗಳನ್ನು ನಂಬಿ ಕೆಟ್ಟವರು ಲೋಕದಲ್ಲಿ ಬಹಳ ಮಂದಿ.

ಇನ್ನೊಂದು ಮಾತನ್ನು ಮರೆಯುವಂತಿಲ್ಲ. ದುಬೈಯಲ್ಲಿ ಕುಳಿತವನಿಗೆ ಕಾಟಿಪಳ್ಳದ ತರುಣನೂ ಕಾಣದ ಮುಖವೇ. ಅವನ ಮನೆಯಲ್ಲಿಯೂ ಯಾರದೋ ಒಡವೆ ಒತ್ತೆಗೆ ಹೋಗಿರಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ತೋರಿಸಿದ ಮಾದರಿಯ ಕಾಳೂ ಮೂಟೆಯೊಳಗಿನ ಕಾಳೂ ಒಂದೇ ಆಗಿದ್ದರೆ, ಮುಖ ಕಾಣದಿದ್ದರೂ ಮನುಷ್ಯ ಕಾಣುತ್ತಾನೆ.