ಬೆಳೆಯುವ ಕಾಲು

ಮೂವತ್ತು ವರ್ಷ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೋಹವನ್ನು ಕೂದಲೆಳೆಯಷ್ಟೂ ತಪ್ಪದಂತೆ ಕಡೆದ ಕೈಗಳು ನನ್ನವು. ನಿವೃತ್ತನಾದ ಮೇಲೆ ಅವಕ್ಕೆ ಕೆಲಸವಿಲ್ಲದೆ ಬೇಸರವಾಯಿತು. ೨೦೧೧ರ ಜನವರಿಯಲ್ಲಿ ಕಾಂಬೋಡಿಯಾದ ಬಟ್ಟಂಬಾಂಗ್ ಪ್ರಾಂತದಲ್ಲಿ ಕೃತಕ ಕಾಲುಗಳನ್ನು ತಯಾರಿಸುವ ಕಮ್ಮಟವೊಂದಕ್ಕೆ, ಎರಡು ತಿಂಗಳ ಸ್ವಯಂಸೇವಕನಾಗಿ ಹೊರಟೆ. "ಈ ವಯಸ್ಸಿನಲ್ಲಿ ಪರದೇಶವೇ?" ಎಂದು ಮಡದಿ ಗೊಣಗಿದಳು, ಆದರೂ ಚಟ್ನಿಪುಡಿಯ ಡಬ್ಬಿಯನ್ನು ಪೆಟ್ಟಿಗೆಯಲ್ಲಿಡಲು ಮರೆಯಲಿಲ್ಲ.

ಆ ನಾಡಿನಲ್ಲಿ ಯುದ್ಧ ಮುಗಿದಿದ್ದರೂ ಅದು ಹೂತಿಟ್ಟ ನೆಲಬಾಂಬುಗಳು ಮುಗಿದಿರಲಿಲ್ಲ. ಯುದ್ಧವನ್ನೇ ಕಾಣದ ಮಕ್ಕಳೂ ಹೊಲಗದ್ದೆಗಳಲ್ಲಿ ಕಾಲು ಕಳೆದುಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದವಳು ಎಂಟು ವರ್ಷದ ಹುಡುಗಿ. ಬಲಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ನಮ್ಮಂತೆಯೇ ಕೈಜೋಡಿಸಿ ವಂದಿಸಿದಳು.

ಮೊಂಡುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯಬೇಕು. ಅದರೊಳಗೆ ಪ್ಲಾಸ್ಟರ್ ಎರೆದು ಪ್ರತಿರೂಪ ಮಾಡಬೇಕು. ಪಾಲಿಪ್ರೊಪಿಲೀನ್ ಹಾಳೆಯನ್ನು ಕಾಯಿಸಿ, ಮೆತ್ತಗಾದಾಗ ಅದಕ್ಕೆ ಹೊದಿಸಿ, ನಡುವಣ ಗಾಳಿಯನ್ನು ಯಂತ್ರದಿಂದ ಹೀರಿದರೆ ಮೊಂಡುಗಾಲು ಕೂರುವ ಬಟ್ಟಲು ಸಿದ್ಧ. ನಾನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಊರಿನಿಂದ ಒಯ್ದಿದ್ದ ಉಕ್ಕಿನ ಬಿಡಿಭಾಗಗಳಿಂದ ಪಾದಕ್ಕೆ ಹೊಸ ಕೀಲೊಂದನ್ನು ಜೋಡಿಸಿದೆ. ಹುಡುಗಿ ಸಮತಟ್ಟಾದ ನೆಲದ ಮೇಲೆ ಹತ್ತು ಹೆಜ್ಜೆ ನಡೆದಳು. ನನ್ನ ಎದೆ ಉಬ್ಬಿತು.

ಅಲ್ಲಿಯ ಹಿರಿಯ ಕುಶಲಕರ್ಮಿಯ ಒಂದು ಕಾಲೂ ಕೃತಕವೇ. ಆತ ಹುಡುಗಿಯನ್ನು ಏನೋ ಕೇಳಿದ. ಅವಳು ಒಂಬತ್ತು ಬೆರಳೆತ್ತಿದಳು. ಮನೆಗೆ ಎಷ್ಟು ಮೆಟ್ಟಿಲೆಂದು ಕೇಳಿದ್ದನಂತೆ. ಅಲ್ಲಿಯ ಹಳ್ಳಿಮನೆಗಳು ಕಂಬಗಳ ಮೇಲೆ ನಿಂತಿರುತ್ತವೆ; ಏಣಿ ಹತ್ತದೆ ಒಳಗೆ ಹೋಗುವಂತಿಲ್ಲ. ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ. ಬಳಿಕ ಹರಕು ಇಂಗ್ಲಿಷಿನಲ್ಲಿ, "ಗದ್ದೆಯ ಕೆಸರಿನಲ್ಲಿ ಈ ಕೀಲು ತುಕ್ಕು ಹಿಡಿದರೆ, ನೀವು ಹೋದ ಮೇಲೆ ಇನ್ನೊಂದನ್ನು ಎಲ್ಲಿಂದ ತರಲಿ?" ಎಂದ.

ನಾಚಿಕೆಯಿಂದ ತಲೆ ತಗ್ಗಿತು. ನಮ್ಮ ದೇಶದ ಪಾಠವನ್ನೇ ಮರೆತಿದ್ದೆನಲ್ಲ! ೧೯೬೮ರಲ್ಲಿ ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪ್ರಮೋದ ಕರಣ ಸೇಠಿ ರೂಪಿಸಿದ ಪಾದ ಹುಟ್ಟಿದ್ದೇ ಬರಿಗಾಲಲ್ಲಿ ನಡೆದು, ನೆಲದ ಮೇಲೆ ಕುಳಿತುಣ್ಣುವ ಜನರ ಬದುಕನ್ನು ನೋಡಿ.

ಮಕ್ಕಳ ಕಾಲಿಗೆ ಇನ್ನೂ ಒಂದು ಸಂಗತಿಯುಂಟು. ಮಗು ಬೆಳೆಯುತ್ತದೆ, ಕೃತಕ ಕಾಲು ಬೆಳೆಯುವುದಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಬೇರೊಂದು ಬೇಕು. ನಾನು ಮಾಡುವುದು ಒಂದು; ಅವಳು ದೊಡ್ಡವಳಾಗುವವರೆಗಿನ ಉಳಿದೆಲ್ಲವನ್ನೂ ಮಾಡಬೇಕಾದವನು ಆತ.

ನನ್ನ ಕೀಲನ್ನು ನಾನೇ ಬಿಚ್ಚಿದೆ. ಅಲ್ಲಿಯೇ ಸಿಗುವ ಸಾಮಾನ್ಯ ಪಾದವನ್ನು ಕೂರಿಸಿದೆವು. ಅಂಗಳದ ಮೆಟ್ಟಿಲನ್ನು ಹುಡುಗಿ ಹತ್ತುವಾಗ ಹಿಡಿಯಲು ಕೈ ಚಾಚಿದೆ. ಆತ ನನ್ನ ತೋಳನ್ನು ಮೆಲ್ಲನೆ ತಡೆದ. ಅವಳು ಒಬ್ಬಳೇ ಹತ್ತಿದಳು.

ಉಳಿದ ವಾರಗಳಲ್ಲಿ ನಾನು ಹೊಸದೇನನ್ನೂ ಮಾಡಲಿಲ್ಲ. ಸವೆದ ಲೇತನ್ನು ಸರಿಪಡಿಸಿ, ಅದನ್ನು ಕಾಪಾಡುವ ಬಗೆಯನ್ನು ಇಬ್ಬರು ತರುಣರಿಗೆ ಕಲಿಸಿ ಹಿಂದಿರುಗಿದೆ.

ನಾನು ಮಾಡಿದ ಆ ಕಾಲು ಎಂದೋ ಅವಳಿಗೆ ಗಿಡ್ಡವಾಗಿರಬೇಕು. ಹಾಗಾಗಿರಲಿ ಎಂಬುದೇ ನನ್ನ ಹಾರೈಕೆ.